ಮುರಿದ ಮೂಳೆಗೆ ಬೇಲಿಯ ಬಳ್ಳಿ

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಬಯಲುಸೀಮೆಯಲ್ಲಿ ಓಡಾಡಿದವರಿಗೆ ಮಂಗರಬಳ್ಳಿ ಹೊಸದಲ್ಲ. ಕಳ್ಳಿ, ಲಂಟಾನದ ಬೇಲಿಗಳ ಮೇಲೆ ಹಬ್ಬುವ ಈ ಬಳ್ಳಿಗೆ ನಾಲ್ಕು ಏಣುಗಳ ಹಸಿರು ಕಾಂಡ. ಬೆರಳುದ್ದಕ್ಕೊಂದು ಗೆಣ್ಣು. ಮಳೆಯಿಲ್ಲದ ದಿನಗಳಲ್ಲೂ ಬಾಡದ ಜೀವ. ಹಪ್ಪಳದ ಹಿಟ್ಟಿಗೆ ಇದರ ರಸ ಬೆರೆಸುವ ಪದ್ಧತಿ ಹಳೆಯದು. ಎಳೆಯ ಕುಡಿಗಳನ್ನು ತುಪ್ಪದಲ್ಲಿ ಹುರಿದು ಹುಣಸೆಹುಳಿ ಸೇರಿಸಿ ಚಟ್ನಿ ಅರೆಯುವುದೂ ಉಂಟು. ಹಾಗೆ ಮಾಡದಿದ್ದರೆ ಗಂಟಲು ಕೆರೆಯುತ್ತದೆ. ತುಮಕೂರು ನಗರ ಬೆಳೆದಂತೆ ಸದಾಶಿವನಗರದಂಥ ಬಡಾವಣೆಗಳಲ್ಲಿ ಬೇಲಿಯ ಜಾಗಕ್ಕೆ ಕಾಂಪೌಂಡ್ ಗೋಡೆ ಬಂದಿದೆ. ಆದರೆ ಯಾರಾದರೂ ಬಿದ್ದು ಕೈಕಾಲು ಮುರಿದುಕೊಂಡರೆ ಮನೆಯ ಹಿರಿಯರು ಈಗಲೂ ಈ ಬಳ್ಳಿಯ ಹೆಸರು ಹೇಳುತ್ತಾರೆ.

ಈ ಬಳ್ಳಿ ನಿಜಕ್ಕೂ ಮೂಳೆ ಕೂಡಿಸುತ್ತದೆಯೇ? ಹೌದಾದರೆ ಹೇಗೆ? ಸರಳವಾಗಿ ಕಾಣುವ ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಕನ್ನಡ ನಾಡಿನವರ ಪಾತ್ರ ದೊಡ್ಡದು. ಉಡುಪಿಯ ಕಡೆಯಿಂದ ಕಾಶಿಗೆ ಹೋಗಿ ನೆಲೆಸಿದ ಒಬ್ಬ ಶಸ್ತ್ರವೈದ್ಯರು 1960ರ ದಶಕದಲ್ಲಿ ಕೈಗೆತ್ತಿಕೊಂಡ ಕೆಲಸ, ಸುಮಾರು ಅರ್ಧ ಶತಮಾನದ ನಂತರ ಉಡುಪಿಗೆ ಹೊಂದಿಕೊಂಡಿರುವ ಮಣಿಪಾಲದಲ್ಲಿ ಮತ್ತೊಂದು ಘಟ್ಟ ತಲುಪಿತು. ಈ ನಡುವೆ ಪ್ರಶ್ನೆಯ ಸ್ವರೂಪವೇ ಬದಲಾಗಿಹೋಯಿತು.

ಹೆಸರಿನಲ್ಲಿರುವ ನಂಬಿಕೆ

ಮಂಗರಬಳ್ಳಿಗೆ ಸಂದುಬಳ್ಳಿ ಎಂಬ ಹೆಸರೂ ಇದೆ. ಹಿಂದಿಯವರು ಹಡ್‌ಜೋಡ್ ಎನ್ನುತ್ತಾರೆ, ಅಂದರೆ ಮೂಳೆ ಜೋಡಿಸುವಂಥದು. ತಮಿಳರಿಗೆ ಇದು ಪಿರಂಡೈ, ತೆಲುಗರಿಗೆ ನಲ್ಲೇರು. ಸಂಸ್ಕೃತದಲ್ಲಿ ವಜ್ರವಲ್ಲಿ, ಅಸ್ಥಿಶೃಂಖಲಾ, ಅಸ್ಥಿಸಂಹಾರ ಎಂಬ ಹೆಸರುಗಳಿವೆ. ಕೊನೆಯ ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ಇಲ್ಲಿ 'ಸಂಹಾರ' ಎಂದರೆ ನಾಶವಲ್ಲ, ಒಂದುಗೂಡಿಸುವುದು. ಭಟ್ಟನಾರಾಯಣನ 'ವೇಣೀಸಂಹಾರ' ನಾಟಕದ ಹೆಸರಿನಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಕಟ್ಟುವುದಕ್ಕೆ ಬಂದಿರುವ ಶಬ್ದವೇ ಇದು. ಸಸ್ಯಶಾಸ್ತ್ರಜ್ಞರು ದ್ರಾಕ್ಷಿಯ ಕುಟುಂಬಕ್ಕೆ ಸೇರಿಸಿ ಸಿಸಸ್ ಕ್ವಾಡ್ರಾಂಗ್ಯುಲಾರಿಸ್ ಎಂದು ಕರೆದರು. ನಾಲ್ಕು ಮೂಲೆಗಳುಳ್ಳದ್ದು ಎಂಬ ಅರ್ಥ ಹೆಸರಿನಲ್ಲೇ ಇದೆ.

11ನೇ ಶತಮಾನದ ಚಕ್ರಪಾಣಿದತ್ತನ ಚಿಕಿತ್ಸಾ ಗ್ರಂಥವೂ 16ನೇ ಶತಮಾನದ ಭಾವಮಿಶ್ರನ 'ಭಾವಪ್ರಕಾಶ'ವೂ ಮೂಳೆ ಮುರಿತಕ್ಕೆ ಈ ಬಳ್ಳಿಯನ್ನು ಹೇಳುತ್ತವೆ. ಆದರೆ ಆಕಾರ ಕಂಡು ಗುಣ ಊಹಿಸುವ ಅಭ್ಯಾಸ ಎಲ್ಲ ದೇಶಗಳ ಹಳೆಯ ವೈದ್ಯದಲ್ಲೂ ಇತ್ತು. ಮೂಳೆ, ಸಂದು, ಮೂಳೆ, ಸಂದು ಎಂಬಂತೆ ಕಾಣುವ ಈ ಬಳ್ಳಿಗೆ ಆ ಹೆಸರು ಅದರ ರೂಪದಿಂದ ಬಂತೋ ಗುಣದಿಂದ ಬಂತೋ ಎಂದು ಕೇಳುವುದು ತಪ್ಪಲ್ಲ. ಹೆಸರೊಂದೇ ಸಾಕ್ಷಿಯಾಗದು.

ಇನ್ನೊಂದು ತೊಡಕೂ ಇದೆ. ಸರಿಯಾಗಿ ಕೂರಿಸಿ ಅಲುಗಾಡದಂತೆ ಇಟ್ಟರೆ ಮೂಳೆ ತಾನಾಗಿಯೇ ಕೂಡುತ್ತದೆ. ಸುಶ್ರುತ ಸಂಹಿತೆಗೆ ಈ ವಿಷಯ ಚೆನ್ನಾಗಿ ಗೊತ್ತಿತ್ತು. ಜರುಗಿದ ಮೂಳೆಯನ್ನು ಎಳೆದು ಸ್ಥಾನಕ್ಕೆ ತರುವುದು, ಹಿಪ್ಪೆ, ಅತ್ತಿ, ಅರಳಿ, ಮುತ್ತುಗದಂಥ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿಟ್ಟು ಕಟ್ಟುವುದು, ತಂಪುಕಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬದಲಿಸುವುದು, ಇವೆಲ್ಲ ಅದರಲ್ಲಿ ವಿವರವಾಗಿವೆ. ಕಟ್ಟು ಸಡಿಲವಾದರೆ ಮೂಳೆ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಎಂಬ ಎಚ್ಚರಿಕೆಯೂ ಇದೆ.

ನಮ್ಮ ಹಳ್ಳಿಗಳ ಮೂಳೆ ಕಟ್ಟುವವರು ಈ ಪರಂಪರೆಯಲ್ಲೇ ಬಂದವರು. ಗಡಿಯಾಚೆ ಆಂಧ್ರದ ಪುತ್ತೂರಿನ ಕಟ್ಟು ನಮ್ಮ ಜಿಲ್ಲೆಯವರಿಗೂ ಪರಿಚಿತ. ಬೇಟೆಯಾಡಿದ ಮೊಲದ ಮಾಂಸವನ್ನು ಎಲೆಯಲ್ಲಿ ಸುತ್ತಿಟ್ಟಾಗ ಅದರ ಮೂಳೆಗಳು ಕೂಡಿಕೊಂಡವು, ಆ ಎಲೆಯಿಂದಲೇ ವೈದ್ಯ ಹುಟ್ಟಿತು ಎಂಬ ಕಥೆ ಅಲ್ಲಿ ಪ್ರಚಲಿತ. ಕಥೆ ಹೇಗೇ ಇರಲಿ, ಕಟ್ಟಿದ ಮೇಲೆ ಕೈ ಸರಿಹೋದರೆ ಅದು ಕಟ್ಟಿನಿಂದಲೋ, ಸೊಪ್ಪಿನಿಂದಲೋ, ದೇಹದ ಸ್ವಂತ ಶಕ್ತಿಯಿಂದಲೋ ಎಂದು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ಹಾಗೆ ಬೇರ್ಪಡಿಸಬೇಕಾದರೆ ಬಳ್ಳಿ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕ ಇಟ್ಟು ಅಳೆಯಬೇಕು.

ಉಡುಪಿಯಿಂದ ಕಾಶಿಗೆ

ಆ ಅಳತೆಗೆ ಕೈಹಾಕಿದವರು ಡಾ. ಕಟೀಲು ನರಸಿಂಹ ಉಡುಪ. 1920ರಲ್ಲಿ ಉಡುಪಿಯಲ್ಲಿ ಹುಟ್ಟಿದ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಆಯುರ್ವೇದ ಓದಿದರು. ನಂತರ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಆಧುನಿಕ ಶಸ್ತ್ರಚಿಕಿತ್ಸೆ ಕಲಿತರು. ಎರಡೂ ಪದ್ಧತಿಗಳನ್ನು ಒಳಗಿನಿಂದ ಬಲ್ಲ ಅಪರೂಪದ ವೈದ್ಯರು ಅವರಾಗಿದ್ದರು. ಆಯುರ್ವೇದದ ಸ್ಥಿತಿಗತಿ ಪರಿಶೀಲಿಸಲು ಕೇಂದ್ರ ಸರ್ಕಾರ 1958ರಲ್ಲಿ ರಚಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 1959ರಲ್ಲಿ ಬಂದ ಆ ವರದಿ ಇಂದಿಗೂ 'ಉಡುಪ ಸಮಿತಿ ವರದಿ' ಎಂದೇ ಪ್ರಸಿದ್ಧ. ಬನಾರಸ್ ವಿಶ್ವವಿದ್ಯಾಲಯದ ವೈದ್ಯ ವಿಜ್ಞಾನ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದ ಅವರು 1992ರಲ್ಲಿ ತೀರಿಕೊಂಡರು.

ಉಡುಪರೂ ಅವರ ಸಹೋದ್ಯೋಗಿ ಜಿ.ಸಿ. ಪ್ರಸಾದರೂ 1960ರ ದಶಕದ ಮೊದಲ ವರ್ಷಗಳಲ್ಲಿ ಹಡ್‌ಜೋಡ್ ಕುರಿತು ಸಾಲುಸಾಲಾಗಿ ಪ್ರಬಂಧಗಳನ್ನು ಪ್ರಕಟಿಸಿದರು. ಪ್ರಯೋಗದ ಪ್ರಾಣಿಗಳ ಮುರಿದ ಮೂಳೆಗೆ ಬಳ್ಳಿಯ ಸಾರ ಕೊಟ್ಟು, ಕೊಡದ ಪ್ರಾಣಿಗಳ ಜೊತೆ ಹೋಲಿಸಿದರು. ಕೂಡಿದ ಮೂಳೆ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ಪರೀಕ್ಷಿಸಿದರು. ವಿಕಿರಣ ಸೂಸುವ ಕ್ಯಾಲ್ಸಿಯಂ–45 ಬಳಸಿ, ಗಾಯದ ಜಾಗಕ್ಕೆ ಕ್ಯಾಲ್ಸಿಯಂ ಸೇರುವ ವೇಗವನ್ನು ಅಳೆದರು. ಕಾರ್ಟಿಸೋನ್ ಔಷಧ ಮೂಳೆ ಕೂಡುವುದನ್ನು ನಿಧಾನಗೊಳಿಸುತ್ತದೆ. ಅಂಥ ಸ್ಥಿತಿಯಲ್ಲಿ ಬಳ್ಳಿ ಏನು ಮಾಡುತ್ತದೆ ಎಂದು 1963ರಲ್ಲಿ ನೋಡಿದರು. ಬಳ್ಳಿ ಮೂಳೆ ಕೂಡುವುದನ್ನು ಚುರುಕುಗೊಳಿಸುತ್ತದೆ ಎಂಬುದು ಈ ಅಧ್ಯಯನಗಳ ತೀರ್ಮಾನ. 1965ರಲ್ಲಿ ಎಸ್.ಪಿ. ಸೇನ್ ಅವರೊಡನೆ ಬರೆದ ಪ್ರಬಂಧದಲ್ಲಿ, ಗಿಡದಲ್ಲಿರುವ ಸ್ಟೀರಾಯ್ಡ್ ಬಗೆಯ ವಸ್ತುವೊಂದು ಇದಕ್ಕೆ ಕಾರಣ ಎಂಬ ವಿವರಣೆಯನ್ನು ಮುಂದಿಟ್ಟರು.

ಬಳ್ಳಿಯಲ್ಲಿ ಕ್ಯಾಲ್ಸಿಯಂ ಇದೆ, ಆದ್ದರಿಂದ ಮೂಳೆಗೆ ಒಳ್ಳೆಯದು ಎಂಬ ಸುಲಭದ ಮಾತು ಅಲ್ಲಿಗೇ ಸಾಲದಾಯಿತು. ಬಳ್ಳಿಯ ಕ್ಯಾಲ್ಸಿಯಂನಲ್ಲಿ ಒಂದು ಪಾಲು ಆಕ್ಸಲೇಟಿನ ಹರಳಾಗಿದೆ. ಗಂಟಲು ಕೆರೆಯುವುದು ಆ ಹರಳುಗಳಿಂದಲೇ. ದೇಹ ಅದನ್ನು ಸುಲಭವಾಗಿ ಹೀರಿಕೊಳ್ಳದು. ಕ್ಯಾಲ್ಸಿಯಂ ಬೇಕೆನ್ನುವವರಿಗೆ ನಮ್ಮ ರಾಗಿಯೇ ಉಂಟು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಬಳ್ಳಿ ಕೆಲಸ ಮಾಡುವುದೇ ಆದರೆ ಅದು ಇಟ್ಟಿಗೆ ಒದಗಿಸಿ ಮಾಡುವ ಕೆಲಸವಲ್ಲ, ಗಾರೆಯವರನ್ನು ಕರೆತರುವ ಕೆಲಸ. ಆದರೆ ಮೂಳೆಯ ಗಾರೆಯವರು ಯಾರು, ಅವರು ಎಲ್ಲಿಂದ ಬರುತ್ತಾರೆ ಎಂಬುದು ಆಗಿನ್ನೂ ಸ್ಪಷ್ಟವಾಗಿರಲಿಲ್ಲ.

ಕೆಂಪು ಮೂಳೆಯ ಪಾಠ

ಮೂಳೆ ಬೆಳೆಯುವ ಬಗೆಯನ್ನು ಯೂರೋಪಿಗೆ ತೋರಿಸಿಕೊಟ್ಟದ್ದೂ ಒಂದು ಗಿಡದ ಬೇರೇ. 1736ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್ ಬಟ್ಟೆಗೆ ಬಣ್ಣದಚ್ಚು ಹಾಕುವವನೊಬ್ಬನ ಮನೆಯಲ್ಲಿ ಊಟಕ್ಕೆ ಕುಳಿತಾಗ, ಬಡಿಸಿದ ಹಂದಿಮಾಂಸದ ಮೂಳೆ ಕೆಂಪಗಿರುವುದನ್ನು ಕಂಡ. ಬಣ್ಣದ ಕೆಲಸದಲ್ಲಿ ಬಳಸಿ ಉಳಿದ ತೌಡನ್ನು ಆ ಹಂದಿಗಳಿಗೆ ತಿನ್ನಿಸಿದ್ದರು. ತೌಡಿನಲ್ಲಿ ಸೇರಿದ್ದ ಬಣ್ಣ ಮ್ಯಾಡರ್ ಬೇರಿನದು. ನಮ್ಮ ಮಂಜಿಷ್ಠ ಇದರ ಹತ್ತಿರದ ಬಂಧು. ಫ್ರಾನ್ಸಿನ ದ್ಯುಹಾಮೆಲ್ ಈ ಸುದ್ದಿ ತಿಳಿದು, ಪ್ರಾಣಿಗಳಿಗೆ ಕೆಲವು ವಾರ ಮ್ಯಾಡರ್ ತಿನ್ನಿಸಿ, ಕೆಲವು ವಾರ ನಿಲ್ಲಿಸಿ ನೋಡಿದ. ಮೂಳೆಯಲ್ಲಿ ಕೆಂಪು, ಬಿಳಿ ಪದರಗಳು ಒಂದರ ಮೇಲೊಂದು ಕೂತಿದ್ದವು. ಸತ್ತ ಕಲ್ಲಿನಂತೆ ಕಾಣುವ ಮೂಳೆ ದಿನವೂ ಕಟ್ಟಿಕೊಳ್ಳುತ್ತಿರುವ ಜೀವಂತ ವಸ್ತು ಎಂಬುದು ಹೀಗೆ ಕಣ್ಣಿಗೆ ಕಂಡಿತು. ಆ ಬೇರಿನ ಬಣ್ಣವಾದ ಅಲಿಜರಿನ್ ಇಂದಿಗೂ ಪ್ರಯೋಗಾಲಯಗಳಲ್ಲಿದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳು ಸುಣ್ಣದಂಶ ಕೂಡಿಹಾಕಿವೆಯೇ ಎಂದು ನೋಡಲು ಅದನ್ನು ಬಳಸುತ್ತಾರೆ.

ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಉಡುಪರು ಕಾಶಿಯಲ್ಲಿ ಬಳ್ಳಿ ಪರೀಕ್ಷಿಸುತ್ತಿದ್ದ ವರ್ಷಗಳಲ್ಲೇ, ಆದರೆ ಬೇರೆ ಎರಡು ಊರುಗಳಲ್ಲಿ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಮಾರ್ಷಲ್ ಯೂರಿಸ್ಟ್ ಎಂಬ ಮೂಳೆವೈದ್ಯ, ಆಮ್ಲದಲ್ಲಿ ನೆನೆಸಿ ಸುಣ್ಣದಂಶ ತೆಗೆದ ಮೂಳೆಯ ತುಂಡನ್ನು ಪ್ರಾಣಿಯ ಮಾಂಸಖಂಡದೊಳಗೆ ಇಟ್ಟ. ಅಲ್ಲಿ ಹೊಸ ಮೂಳೆ ಹುಟ್ಟಿತು. 1965ರಲ್ಲಿ ಪ್ರಕಟವಾದ ಈ ಫಲಿತಾಂಶದ ಅರ್ಥವಿಷ್ಟೆ: ಮೂಳೆಯೊಳಗೆ ಏನೋ ಒಂದು ಸಂದೇಶವಿದೆ, ಅದು ಸುತ್ತಲ ಕೋಶಗಳಿಗೆ 'ಮೂಳೆಯಾಗಿ' ಎಂದು ಹೇಳುತ್ತದೆ. ಆ ಸಂದೇಶದ ಪ್ರೋಟೀನ್‌ಗಳಿಗೆ ಬಿ.ಎಂ.ಪಿ. ಎಂದು ಹೆಸರಾಯಿತು. ಅವುಗಳ ವಂಶವಾಹಿಗಳು 1988ರಲ್ಲಿ ಸಿಕ್ಕವು. 2002ರಲ್ಲಿ ಅಮೆರಿಕದಲ್ಲಿ ಅವುಗಳಲ್ಲೊಂದು ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಔಷಧವಾಗಿ ಬಂತು.

ಸಂದೇಶ ಕೇಳಿಸಿಕೊಳ್ಳುವ ಕೋಶ ಯಾವುದು ಎಂದು ತೋರಿಸಿದವನು ಮಾಸ್ಕೋದ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. ಅಸ್ಥಿಮಜ್ಜೆಯಲ್ಲಿ ರಕ್ತಕೋಶಗಳ ಜೊತೆ ಇನ್ನೊಂದು ಬಗೆಯ ಕೋಶವಿದೆ, ಅದನ್ನು ಬೇರೆಡೆ ನೆಟ್ಟರೆ ಮೂಳೆ ಬೆಳೆಯುತ್ತದೆ ಎಂದು ಆತ 1960ರ ದಶಕದಲ್ಲಿ ಕಂಡುಕೊಂಡ. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲನ್ ಇವನ್ನು ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂದು ಕರೆದ. ಕನ್ನಡದಲ್ಲಿ ಇವಕ್ಕೆ ಆಕರಕೋಶ ಎನ್ನುವುದುಂಟು.

ಮಜ್ಜೆಯೊಳಗಿನ ಕವಲುದಾರಿ

ಮಜ್ಜೆಯ ಆಕರಕೋಶ ಇನ್ನೂ ಯಾವ ಕಸುಬಿಗೂ ಸೇರದ ಹುಡುಗನಂತೆ. ಅದು ಮೂಳೆ ಕಟ್ಟುವ ಕೋಶವಾಗಬಹುದು, ಮೃದ್ವಸ್ಥಿಯ ಕೋಶವಾಗಬಹುದು, ಇಲ್ಲವೇ ಕೊಬ್ಬಿನ ಕೋಶವಾಗಿ ಕೂರಬಹುದು. ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಅದರೊಳಗಿನ ಕೆಲವು ವಂಶವಾಹಿಗಳು ನಿರ್ಧರಿಸುತ್ತವೆ. ಮೂಳೆಯ ದಾರಿಗೆ ಮುಖ್ಯವಾದದ್ದು ರನ್ಎಕ್ಸ್–2 ಎಂಬ ವಂಶವಾಹಿ. 1997ರಲ್ಲಿ ಇದನ್ನು ತೆಗೆದುಹಾಕಿದ ಇಲಿಮರಿಗಳನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ, ಅವುಗಳ ಅಸ್ಥಿಪಂಜರವೆಲ್ಲ ಮೃದ್ವಸ್ಥಿಯಾಗಿಯೇ ಉಳಿದಿತ್ತು. ಮೂಳೆಯೇ ಇರಲಿಲ್ಲ. ಗಟ್ಟಿ ಪಕ್ಕೆಲುಬಿಲ್ಲದೆ ಉಸಿರಾಡಲಾಗದೆ ಆ ಮರಿಗಳು ಹುಟ್ಟಿದೊಡನೆ ಸತ್ತವು.

ವಯಸ್ಸಾದಂತೆ ಮಜ್ಜೆಯ ಕೋಶಗಳು ಮೂಳೆಯ ದಾರಿ ಬಿಟ್ಟು ಕೊಬ್ಬಿನ ದಾರಿ ಹಿಡಿಯುವುದು ಹೆಚ್ಚು. ಮುಟ್ಟು ನಿಂತ ಹೆಂಗಸರಲ್ಲಿ ಈಸ್ಟ್ರೋಜನ್ ಕಡಿಮೆಯಾಗಿ ಮೂಳೆ ಸವೆಯುವ ವೇಗ ಏರುತ್ತದೆ. ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಸೊಂಟದ ಮೂಳೆ ಮುರಿಯುವುದರ ಹಿಂದೆ ಈ ಎರಡೂ ಇವೆ. ಆದ್ದರಿಂದಲೇ ಆಕರಕೋಶವನ್ನು ಮೂಳೆಯ ಕಡೆ ತಿರುಗಿಸುವ, ಬಾಯಿಯಿಂದ ತೆಗೆದುಕೊಳ್ಳಬಹುದಾದ ವಸ್ತುವಿಗಾಗಿ ಜಗತ್ತು ಗಿಡಮರಗಳತ್ತ ನೋಡತೊಡಗಿತು. ಸೋಯಾ ಅವರೆಯ ಜೆನಿಸ್ಟೀನ್, ಚೀನೀ ಮೂಲಿಕೆಯೊಂದರ ಇಕಾರಿನ್, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ದ್ರಾಕ್ಷಿಸಿಪ್ಪೆಯ ರೆಸ್ವೆರಟ್ರಾಲ್ ಮೊದಲಾದವು ಗಾಜಿನ ತಟ್ಟೆಯಲ್ಲಿ ಈ ಬಗೆಯ ಪ್ರಭಾವ ತೋರಿವೆ. ಇವುಗಳಲ್ಲಿ ಕೆಲವು ಈಸ್ಟ್ರೋಜನ್‌ನಂತೆ ವರ್ತಿಸುತ್ತವೆ. ಕೆಲವು ಬಿ.ಎಂ.ಪಿ. ಸಂದೇಶವನ್ನು ಗಟ್ಟಿಗೊಳಿಸಿ ರನ್ಎಕ್ಸ್–2 ಅನ್ನು ಎಚ್ಚರಿಸುತ್ತವೆ. ಕ್ವೆರ್ಸೆಟಿನ್, ರೆಸ್ವೆರಟ್ರಾಲ್ ಎರಡೂ ನಮ್ಮ ಮಂಗರಬಳ್ಳಿಯಲ್ಲಿವೆ. ದ್ರಾಕ್ಷಿಯ ಬಂಧುವಲ್ಲವೇ! ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೀಟೆಯ ಬಂಧುವಾದ ಶೀಶಮ್ ಮರದ ಎಲೆಯಲ್ಲೂ ಇಂಥ ವಸ್ತುಗಳನ್ನು ಕಂಡಿದ್ದಾರೆ.

ಮಣಿಪಾಲದ ತಟ್ಟೆಯಲ್ಲಿ

2009ರಲ್ಲಿ ಮಣಿಪಾಲದ ಭಗತ್ ಕುಮಾರ್ ಪೋಟು ಮತ್ತು ಸಂಗಡಿಗರು ಬ್ರೆಜಿಲ್‌ನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಪ್ರಬಂಧ ಈ ಕಥೆಯನ್ನು ಮತ್ತೆ ಕರಾವಳಿಗೆ ತಂದಿತು. ಅವರು ಇಲಿಗಳ ಮಜ್ಜೆಯಿಂದ ಆಕರಕೋಶಗಳನ್ನು ತೆಗೆದು ಬೆಳೆಸಿದರು. ಪೆಟ್ರೋಲಿಯಂ ಈಥರ್‌ನಲ್ಲಿ ಇಳಿಸಿದ ಮಂಗರಬಳ್ಳಿಯ ಸಾರವನ್ನು ಮಿಲಿಲೀಟರಿಗೆ 100, 200, 300 ಮೈಕ್ರೋಗ್ರಾಂ ಪ್ರಮಾಣದಲ್ಲಿ ಸೇರಿಸಿ ನಾಲ್ಕು ವಾರ ಕಾದರು. ಮೂಳೆಯ ದಾರಿ ಹಿಡಿದ ಕೋಶ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವವನ್ನು ಹೆಚ್ಚಾಗಿ ತಯಾರಿಸುತ್ತದೆ. ಅದೇ ಅದರ ಗುರುತು. ಸಾರ ಸೇರಿಸಿದ ತಟ್ಟೆಗಳಲ್ಲಿ ಅಂಥ ಕೋಶಗಳು ಹೆಚ್ಚಿದ್ದವು, ಅವುಗಳ ಸುತ್ತ ಸುಣ್ಣದಂಶವೂ ಹೆಚ್ಚು ಕೂತಿತ್ತು. 300 ಮೈಕ್ರೋಗ್ರಾಂ ಪ್ರಮಾಣದಲ್ಲಿ ಆಕರಕೋಶಗಳ ಸಂಖ್ಯೆಯೇ ವೇಗವಾಗಿ ಏರಿತು. ಅದೇ ವರ್ಷ ಈ ತಂಡ, ಅಂಡಾಶಯ ತೆಗೆದು ಮೂಳೆ ಸವೆಯುವಂತೆ ಮಾಡಿದ ಇಲಿಗಳಲ್ಲೂ ಸಾರದ ಪರಿಣಾಮವನ್ನು ವರದಿ ಮಾಡಿತು.

ಕಾಶಿಯಲ್ಲಿ ಉಡುಪರು ಕೇಳಿದ್ದು 'ಮೂಳೆ ಬೇಗ ಕೂಡುತ್ತದೆಯೇ' ಎಂದು. ಮಣಿಪಾಲದವರು ಕೇಳಿದ್ದು 'ಯಾವ ಕೋಶ ಏನಾಗುತ್ತದೆ' ಎಂದು. ಹಳೆಯ ಅನುಭವಕ್ಕೆ ಇದರಿಂದ ಒಂದು ಕಾರಣ ಸಿಕ್ಕಂತಾಯಿತು.

ಆದರೆ ಇಲ್ಲಿ ಎರಡು ಮಾತು ನೆನಪಿಡಬೇಕು. ಪೆಟ್ರೋಲಿಯಂ ಈಥರ್ ಬಳ್ಳಿಯ ಎಣ್ಣೆಯಂಶವನ್ನಷ್ಟೇ ಎಳೆಯುತ್ತದೆ. ಮನೆಯ ಚಟ್ನಿ, ಕಷಾಯ, ಅರೆದು ಕಟ್ಟುವ ಪಟ್ಟು ಇದ್ಯಾವುದೂ ಆ ಸಾರವಲ್ಲ. ಎರಡನೆಯದು, ತಟ್ಟೆಯಲ್ಲಿ ಸಾರ ಕೋಶಕ್ಕೆ ನೇರ ತಾಗುತ್ತದೆ. ಬಾಯಿಂದ ಹೋದದ್ದು ಕರುಳು, ಯಕೃತ್ತು, ರಕ್ತ ದಾಟಿ ಮಜ್ಜೆ ತಲುಪಬೇಕು. ದಾರಿಯಲ್ಲಿ ಎಷ್ಟೋ ವಸ್ತುಗಳು ಒಡೆದುಹೋಗುತ್ತವೆ. ಇಲಿಯ ಕೋಶದ ಫಲಿತಾಂಶವನ್ನು ಔಷಧದ ಡಬ್ಬಿಯ ಮೇಲೆ ಅಚ್ಚು ಹಾಕಿ 'ಸ್ಟೆಮ್ ಸೆಲ್ ಶಕ್ತಿ' ಎಂದು ಮಾರುವವರನ್ನು ಕಂಡರೆ ಓದುಗರು ಈ ಎರಡು ಮಾತು ನೆನೆಯುವುದು ಒಳಿತು.

ಪಾವಗಡದ ಎಚ್ಚರಿಕೆ

ಮೂರನೆಯ ಮಾತು ಇನ್ನೂ ಮುಖ್ಯವಾದದ್ದು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಪಾವಗಡ ತಾಲ್ಲೂಕಿನ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಬೆನ್ನು, ಕೀಲು ಬಿಗಿಯುತ್ತವೆ. ನಮ್ಮ ದೇಶದಲ್ಲಿ ಈ ಮೂಳೆರೋಗವನ್ನು 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಿಂದ ವೈದ್ಯರು ವರದಿ ಮಾಡಿದ್ದರು.

ಫ್ಲೋರೈಡೂ ನೆಲದಿಂದ ಬಂದ ನೈಸರ್ಗಿಕ ವಸ್ತುವೇ. ವಿಚಿತ್ರವೆಂದರೆ, ಅದೂ ಮೂಳೆ ಕಟ್ಟುವ ಕೋಶಗಳನ್ನು ಚುರುಕುಗೊಳಿಸುತ್ತದೆ! ಆ ಗುಣ ಕಂಡೇ ಅಮೆರಿಕದ ಮೇಯೋ ಕ್ಲಿನಿಕ್ ವೈದ್ಯರು ಮೂಳೆ ಸವೆದ 202 ಮಹಿಳೆಯರ ಮೇಲೆ ನಾಲ್ಕು ವರ್ಷಗಳ ಪರೀಕ್ಷೆ ನಡೆಸಿ 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಫ್ಲೋರೈಡ್ ಪಡೆದವರ ಸೊಂಟದ ಭಾಗದ ಬೆನ್ನುಮೂಳೆಯ ಸಾಂದ್ರತೆ ಶೇಕಡಾ 35ರಷ್ಟು ಏರಿತ್ತು. ಆದರೆ ಬೆನ್ನುಮೂಳೆಯ ಮುರಿತ ಗಮನಾರ್ಹವಾಗಿ ಇಳಿಯಲಿಲ್ಲ. ಕೈಕಾಲು ಮೊದಲಾದ ಬೇರೆ ಮೂಳೆಗಳ ಮುರಿತ, ಫ್ಲೋರೈಡ್ ಪಡೆಯದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಿತು. ಮೂಳೆ ಹೆಚ್ಚಾಗಿತ್ತು, ಆದರೆ ಒಳ್ಳೆಯ ಮೂಳೆಯಾಗಿರಲಿಲ್ಲ.

ಕೋಶಗಳು ಚುರುಕಾದವು, ಸುಣ್ಣದಂಶ ಕೂತಿತು ಎಂಬ ವರದಿ ಓದಿದಾಗಲೆಲ್ಲ ಈ ಪಾಠ ನೆನಪಾಗಬೇಕು. ಕೊನೆಗೆ ಕೇಳಬೇಕಾದ ಪ್ರಶ್ನೆ ಒಂದೇ: ಮನುಷ್ಯನ ಮೂಳೆ ಬೇಗ ಕೂಡಿತೇ, ಮತ್ತೆ ಮುರಿಯುವುದು ಕಡಿಮೆಯಾಯಿತೇ? ಅದನ್ನು ತೀರ್ಮಾನಿಸಲು ಗಾಜಿನ ತಟ್ಟೆ ಸಾಲದು. ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಯಾರಿಗೆ ಬಳ್ಳಿ, ಯಾರಿಗೆ ಬರೀ ಪುಡಿ ಎಂಬುದು ವೈದ್ಯರಿಗೂ ತಿಳಿಯದಂತೆ ನಡೆಸುವ ಪರೀಕ್ಷೆ ಬೇಕು.

ಅಲ್ಲಿಯವರೆಗೆ ವಿವೇಕದ ದಾರಿ ಸ್ಪಷ್ಟವಾಗಿದೆ. ಮೂಳೆ ಮುರಿದ ಶಂಕೆ ಬಂದರೆ ಮೊದಲು ಎಕ್ಸ್‌ರೇ. ವಯಸ್ಸಾದವರ ಸೊಂಟದ ಮೂಳೆ ಮುರಿದರೆ ಕಟ್ಟು ಹಾಕಿ ತಿಂಗಳುಗಟ್ಟಲೆ ಮಲಗಿಸುವುದು ಅಪಾಯ. ಕಟ್ಟು ಯಾರೇ ಹಾಕಿರಲಿ, ಬೆರಳು ತಣ್ಣಗಾದರೆ, ನೀಲಿಗಟ್ಟಿದರೆ, ಜೋಮು ಹಿಡಿದರೆ, ನೋವು ತಡೆಯಲಾರದಷ್ಟಾದರೆ ಕೂಡಲೇ ಬಿಚ್ಚಿಸಬೇಕು. ತಡಮಾಡಿ ಕೈಯನ್ನೇ ಕಳೆದುಕೊಳ್ಳುವುದು ಮಂಗರಬಳ್ಳಿಯ ದೋಷವಲ್ಲ, ಬಿಗಿಯಾದ ಕಟ್ಟಿನ ದೋಷ. ಸುಶ್ರುತನ ಗ್ರಂಥ ಹೇಳಿದ್ದೂ ಇದನ್ನೇ.

ಡಾ. ಉಡುಪರ ಹಿರಿಮೆಯೂ ಇಲ್ಲೇ ಇದೆ. ಆಯುರ್ವೇದ ಓದಿದವರೆಂದು ಅವರು ಬಳ್ಳಿಯನ್ನು ಪೂಜಿಸಲಿಲ್ಲ, ಅಮೆರಿಕದಲ್ಲಿ ಕಲಿತವರೆಂದು ಹೀಗಳೆಯಲೂ ಇಲ್ಲ. ಅದನ್ನು ತಕ್ಕಡಿಯಲ್ಲಿಟ್ಟರು. ನಮ್ಮ ಬೇಲಿಯ ಗಿಡಗಳಿಗೆ ನಾವು ತೋರಬಹುದಾದ ನಿಜವಾದ ಗೌರವ ಅದೇ. ಮಣಿಪಾಲದ ತಟ್ಟೆಯವರೆಗೆ ಬಂದಿರುವ ಆ ಕೆಲಸವನ್ನು ಆಸ್ಪತ್ರೆಯ ಹಾಸಿಗೆಯವರೆಗೆ ಒಯ್ಯುವ ಹೊಣೆ ಮುಂದಿನವರದು.